ಹಿತ್ತಲ ಗಿಡವೂ ಮದ್ದೇ: ನಾವೇ ಕಲಿತು ಮಾಡಿದ ವೆಬ್‌ಸೈಟ್ ಕೆಲಸವನ್ನು ರೆಸ್ಯೂಮೆಯಲ್ಲಿ ಬರೆಯೋದು ಹೇಗೆ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದರೆ ಒಂದೇ ರೆಸ್ಯೂಮೆ ಟೆಂಪ್ಲೇಟ್ ವಾಟ್ಸಾಪ್ ಗ್ರೂಪಿನಿಂದ ಗ್ರೂಪಿಗೆ ಓಡಾಡೋಕೆ ಶುರುವಾಗುತ್ತೆ. ಸೀನಿಯರ್ ಹೆಸರು ಅಳಿಸಿ ನಮ್ಮ ಹೆಸರು ಹಾಕಿ, ಸಿಜಿಪಿಎ ಬದಲಿಸಿ, ಮಿನಿ ಪ್ರಾಜೆಕ್ಟ್ ಹೆಸರು ತುಂಬಿದರೆ ಮುಗೀತು. ಆ ಟೆಂಪ್ಲೇಟಿನಲ್ಲಿ ಇಂಟರ್ನ್‌ಶಿಪ್‌ಗೆ ಜಾಗ ಇರುತ್ತೆ, ಸರ್ಟಿಫಿಕೇಟ್‌ಗಳಿಗೆ ಜಾಗ ಇರುತ್ತೆ. ಆದರೆ ಊರಿನ ಹಾರ್ಡ್‌ವೇರ್ ಅಂಗಡಿಗೆ, ಮಾವನ ಹೋಮ್‌ಸ್ಟೇಗೆ, ಅಮ್ಮನ ಮಹಿಳಾ ಸಂಘಕ್ಕೆ ನಾವು ಮಾಡಿಕೊಟ್ಟ ವೆಬ್‌ಸೈಟಿಗೆ ಜಾಗ ಇರಲ್ಲ.

ಆಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡೀತೇವೆ. ಕೆಲವರು ಅದನ್ನ ಕೊನೆಯ ಸಾಲಿಗೆ ತಳ್ಳಿ, ‘ಹವ್ಯಾಸಗಳು: ಕ್ರಿಕೆಟ್, ಸಂಗೀತ ಕೇಳುವುದು, ವೆಬ್ ಡಿಸೈನಿಂಗ್’ ಅಂತ ಬರೀತಾರೆ. ಇನ್ನು ಕೆಲವರು ತಮಗೊಂದು ಕಂಪನಿ ಹೆಸರು ಇಟ್ಟುಕೊಂಡು ‘ಸ್ಥಾಪಕ ಮತ್ತು ಸಿಇಒ’ ಆಗಿಬಿಡ್ತಾರೆ. ಮೊದಲನೆಯವರ ಕೆಲಸ ಯಾರ ಕಣ್ಣಿಗೂ ಬೀಳಲ್ಲ. ಎರಡನೆಯವರನ್ನ ಎಚ್‌ಆರ್ ‘ನಿಮ್ಮ ಕಂಪನಿಯಲ್ಲಿ ಎಷ್ಟು ಜನ ಇದ್ದೀರಿ?’ ಅಂತ ಕೇಳಿದ ಕೂಡಲೇ ಗಾಳಿ ಇಳಿಯುತ್ತೆ.

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮ್ಮ ರೆಸ್ಯೂಮೆಗಳಿಗೆ ಚೆನ್ನಾಗಿ ಹೊಂದುತ್ತೆ. ಮನೆ ಹತ್ತಿರ ಮಾಡಿದ ಕೆಲಸ ನಮಗೇ ಕೆಲಸ ಅನ್ನಿಸಲ್ಲ. ಆದರೆ ಯೋಚಿಸಿ: ಒಬ್ಬ ಅಂಗಡಿಯವರ ಹತ್ತಿರ ಕೂತು ಅವರಿಗೆ ಏನು ಬೇಕು ಅಂತ ತಿಳಿದುಕೊಂಡು, ಡೊಮೈನ್ ಕೊಂಡು, ಪುಟ ಕಟ್ಟಿ, ಅವರು ಮೂರು ಸಲ ‘ಬಣ್ಣ ಬದಲಿಸಪ್ಪ’ ಅಂದಾಗ ಬದಲಿಸಿ, ಕೊನೆಗೆ ಸೈಟನ್ನು ಲೈವ್ ಮಾಡೋದು ಪೂರ್ತಿ ಒಂದು ಕೆಲಸ. ಕ್ಲಾಸಿನಲ್ಲಿ ನಾಲ್ಕು ಜನ ಸೇರಿ ಮಾಡುವ ಮಿನಿ ಪ್ರಾಜೆಕ್ಟಿನಲ್ಲಿ ಈ ಅನುಭವ ಸಿಗೋದು ಕಷ್ಟ. ಇದನ್ನ ಇದ್ದಷ್ಟೇ ಬರೆದು, ಬರೆದ ಪ್ರತಿ ಸಾಲಿಗೂ ಸಾಕ್ಷಿ ಇಟ್ಟುಕೊಂಡರೆ ಸಾಕು. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

(ನಮ್ಮ ರೆಸ್ಯೂಮೆಗಳು ಇಂಗ್ಲಿಷಿನಲ್ಲೇ ಇರುತ್ತವೆ ಅನ್ನೋದು ಗೊತ್ತು. ಇಲ್ಲಿ ಮಾದರಿ ಸಾಲುಗಳನ್ನ ಕನ್ನಡದಲ್ಲಿ ಕೊಟ್ಟಿದ್ದೇವೆ. ಕನ್ನಡದಲ್ಲಿ ಸ್ಪಷ್ಟವಾಗಿ ಹೇಳೋಕೆ ಬಂದರೆ ಇಂಗ್ಲಿಷಿಗೆ ತರೋದು ಕಷ್ಟವಲ್ಲ.)

ಇದು ಅನುಭವವಾ, ಪ್ರಾಜೆಕ್ಟಾ?

ಮೊದಲ ಗೊಂದಲವೇ ಇದು. ಒಂದು ಸುಲಭ ಅಳತೆ ಇದೆ: ಆ ಸೈಟ್ ಬೇಕಾಗಿದ್ದದ್ದು ಯಾರಿಗೆ? ನಮ್ಮನ್ನು ಬಿಟ್ಟು ಬೇರೆ ಯಾರಿಗೋ ಅದು ಬೇಕಾಗಿತ್ತು, ಅವರು ಅದಕ್ಕಾಗಿ ಕಾದಿದ್ದರು, ಸರಿಯಿಲ್ಲದಿದ್ದರೆ ಬೈಯ್ಯುತ್ತಿದ್ದರು ಅಂದರೆ ಅದು ‘ಅನುಭವ’ದ ಕೆಳಗೆ ಬರುತ್ತೆ. ಕಲಿಯೋದಕ್ಕೆ ಅಂತ ಸಿನಿಮಾ ಆಪ್‌ನ ನಕಲು, ಹವಾಮಾನ ತೋರಿಸುವ ಪುಟ ಮಾಡಿದ್ದರೆ ಅದು ‘ಪ್ರಾಜೆಕ್ಟ್’. ಕಾಲೇಜಿನ ಟೆಕ್ ಫೆಸ್ಟ್ ಸೈಟ್ ಮಾಡಿದ್ದರೆ ಅದನ್ನ ‘ಕಾಲೇಜು ಜವಾಬ್ದಾರಿಗಳು’ ಅನ್ನೋ ಕಡೆ ಹಾಕಿ, ಎಷ್ಟು ಜನರ ತಂಡದಲ್ಲಿ ನಿಮ್ಮ ಪಾಲು ಯಾವುದು ಅಂತ ಹೇಳಿ.

ದುಡ್ಡು ತಗೊಂಡಿಲ್ಲ ಅಂದರೆ? ಪರವಾಗಿಲ್ಲ. ‘ಸಂಭಾವನೆ ಇಲ್ಲದೆ’ ಅಥವಾ ‘ಸ್ವಯಂಸೇವೆ’ ಅಂತ ಒಂದು ಪದ ಸೇರಿಸಿದರೆ ಆಯ್ತು. ಎಷ್ಟು ದುಡ್ಡು ತಗೊಂಡ್ರಿ ಅನ್ನೋದನ್ನ ರೆಸ್ಯೂಮೆಯಲ್ಲಿ ಬರೆಯೋದು ಬೇಡ. ಸಂಬಂಧಿಕರಿಗೆ ಮಾಡಿದ್ದಾದರೆ ‘ಮಾವನ ಹೋಮ್‌ಸ್ಟೇ’ ಅಂತ ಬರೆಯಬೇಕಿಲ್ಲ, ಕೇಳಿದರೆ ಮುಚ್ಚಿಡಲೂಬೇಡಿ.

ಮೂರು ನಾಲ್ಕು ಚಿಕ್ಕ ಕೆಲಸ ಮಾಡಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಹುದ್ದೆ ಕೊಡಬೇಡಿ. ಒಂದೇ ತಲೆಬರಹದ ಕೆಳಗೆ ತನ್ನಿ:

ಫ್ರೀಲಾನ್ಸ್ ವೆಬ್ ಡಿಸೈನರ್ (ಓದಿನ ಜೊತೆಗೆ, ಅರೆಕಾಲಿಕ), ಜೂನ್ 2023ರಿಂದ
• 4 ಸ್ಥಳೀಯ ಉದ್ಯಮ ಮತ್ತು ಸಂಘಗಳಿಗೆ ವೆಬ್‌ಸೈಟ್ ರೂಪಿಸಿದ್ದು. 3 ಈಗಲೂ ಬಳಕೆಯಲ್ಲಿವೆ

ಇದರಲ್ಲಿ ‘ಅರೆಕಾಲಿಕ’ ಅನ್ನೋ ಪದ ಬಹಳ ಮುಖ್ಯ. ಮೂರು ವಾರದ ಮೂರು ಕೆಲಸ ಸೇರಿಸಿ ‘2 ವರ್ಷದ ಅನುಭವ’ ಅಂತ ಬರೆದರೆ, ಅದೇ ಎರಡು ವರ್ಷ ನೀವು ನಾಲ್ಕು ಸೆಮ್ ಪರೀಕ್ಷೆಯನ್ನೂ ಬರೆದಿದ್ದೀರಿ ಅನ್ನೋದು ಅದೇ ಹಾಳೆಯಲ್ಲಿ ಇರುತ್ತೆ. ಇನ್ನೊಂದು ಕಾರಣವೂ ಇದೆ. ಆಫರ್ ಆದಮೇಲೆ ಎಷ್ಟೋ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಪೂರ್ಣಾವಧಿ ಕೆಲಸ ಅಂತ ತೋರಿಸಿದರೆ ಸಂಬಳದ ಚೀಟಿ, ರಿಲೀವಿಂಗ್ ಲೆಟರ್ ಕೇಳಬಹುದು. ಅವು ನಮ್ಮ ಹತ್ತಿರ ಇರಲ್ಲ. ಫ್ರೀಲಾನ್ಸ್ ಅಂತಲೇ ಬರೆದಿದ್ದರೆ ಕೇಳುವ ದಾಖಲೆ ಬೇರೆ, ಅದನ್ನ ಕೊಡೋದು ಸುಲಭ.

ಒಂದು ಸಾಲನ್ನು ಬರೆಯೋದು

ಬಹಳಷ್ಟು ರೆಸ್ಯೂಮೆಗಳಲ್ಲಿ ಇರೋ ಸಾಲು ಇದು: ‘ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಳಸಿ ಹೋಮ್‌ಸ್ಟೇಗೆ ರೆಸ್ಪಾನ್ಸಿವ್ ವೆಬ್‌ಸೈಟ್ ಮಾಡಿದೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಇದನ್ನ ಓದಿದವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಾಗಲ್ಲ. ನಾಲ್ಕು ಪ್ರಶ್ನೆ ಹಾಕಿಕೊಳ್ಳಿ: ಯಾರಿಗೆ? ಅವರ ತೊಂದರೆ ಏನಿತ್ತು? ನಾನು ಏನು ಮಾಡಿದೆ? ಆಮೇಲೆ ಏನು ಬದಲಾಯ್ತು?

ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಅಂತ ಇಟ್ಟುಕೊಳ್ಳಿ. ಮಾಲೀಕರು ಫೋನಿನಲ್ಲಿ ತೆಗೆದ ಫೋಟೋಗಳನ್ನ ಹಾಗೇ ಸೈಟಿಗೆ ಹಾಕಿದ್ದರು. ಒಂದೊಂದೂ 4-5 ಎಂಬಿ. ಘಾಟಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯೋ ಹೊತ್ತಿಗೆ ನೋಡುವವರು ವಾಪಸ್ ಹೋಗ್ತಿದ್ದರು. ನೀವು ಫೋಟೋಗಳನ್ನ ವೆಬ್‌ಪಿ ರೂಪಕ್ಕೆ ತಂದು, ಪರದೆಯ ಅಳತೆಗೆ ತಕ್ಕ ಗಾತ್ರ ಕೊಟ್ಟಿರಿ. ವಿಚಾರಣೆಗೆ ವಾಟ್ಸಾಪ್ ಬಟನ್ ಇಟ್ಟಿರಿ. ರೂಮಿನ ದರವನ್ನ ಮಾಲೀಕರೇ ಬದಲಿಸುವ ಹಾಗೆ ಮಾಡಿಕೊಟ್ಟಿರಿ. ಈಗ ಸಾಲು ಹೀಗಾಗುತ್ತೆ:

• ನಿಧಾನ ನೆಟ್‌ವರ್ಕ್ ಇರುವ ಪ್ರದೇಶದ ಹೋಮ್‌ಸ್ಟೇ ಸೈಟನ್ನು ಹೊಸದಾಗಿ ಕಟ್ಟಿ, ಮುಖಪುಟದ ಗಾತ್ರವನ್ನು 22 ಎಂಬಿಯಿಂದ 1.4 ಎಂಬಿಗೆ ಇಳಿಸಿದೆ
• ಕೋಡ್ ಗೊತ್ತಿಲ್ಲದ ಮಾಲೀಕರೇ ದರ ಮತ್ತು ಫೋಟೋ ಬದಲಿಸುವ ವ್ಯವಸ್ಥೆ ಮಾಡಿ, ಬಳಸುವುದನ್ನು ಹೇಳಿಕೊಟ್ಟೆ

ಇಲ್ಲಿನ ಅಂಕಿ ಮಾದರಿಗೆ ಮಾತ್ರ. ನಿಮ್ಮದು ಏನಿದೆಯೋ ಅದನ್ನೇ ಹಾಕಿ. ಆದರೆ ವ್ಯತ್ಯಾಸ ಗಮನಿಸಿ. ಓದುವವರಿಗೆ ಈಗ ಕೇಳೋಕೆ ಪ್ರಶ್ನೆ ಸಿಕ್ಕಿತು: ‘ಹೇಗೆ ಇಳಿಸಿದ್ರಿ?’ ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆ. ಇಂಟರ್‌ವ್ಯೂ ನಿಮಗೆ ಗೊತ್ತಿರುವ ಕಡೆಗೆ ತಿರುಗಿತು.

ವರ್ಡ್‌ಪ್ರೆಸ್ ಬಳಸಿದ್ದರೆ ನಾಚಿಕೆ ಬೇಡ, ‘ಸ್ವಂತ ಕೋಡ್’ ಅನ್ನೋ ಬಣ್ಣವೂ ಬೇಡ. ಯಾವ ಥೀಮ್ ಆರಿಸಿದ್ದೀರಿ, ಅದರಲ್ಲಿ ಏನು ಬದಲಿಸಿದ್ದೀರಿ, ಬ್ಯಾಕಪ್ ಹೇಗೆ, ಅಪ್‌ಡೇಟ್ ಯಾರು ಮಾಡ್ತಾರೆ ಅಂತ ಬರೆಯಿರಿ. ಸೈಟನ್ನು ಒಂದು ವರ್ಷ ಕೆಡದ ಹಾಗೆ ನೋಡಿಕೊಂಡಿದ್ದೀರಿ ಅನ್ನೋದು ಬರೆಯಬೇಕಾದ ವಿಷಯವೇ. ಎಐ ಉಪಕರಣದಿಂದ ಕೋಡ್ ಬರೆಸಿದ್ದರೂ ಇದೇ ಮಾತು. ಬಳಸಿದ್ದು ತಪ್ಪಲ್ಲ. ಆದರೆ ರೆಸ್ಯೂಮೆಯಲ್ಲಿರುವ ಸೈಟಿನ ಯಾವ ಸಾಲನ್ನು ತೋರಿಸಿ ‘ಇದು ಯಾಕೆ ಇದೆ?’ ಅಂದರೂ ಹೇಳೋಕೆ ಬರಬೇಕು.

ಕನ್ನಡ ಸೈಟ್ ಮಾಡಿದ್ದರೆ ಅದನ್ನ ಮುಚ್ಚಿಡಬೇಡಿ

ನಮ್ಮ ಸಂಘದ ಪತ್ರಿಕೆ ಆದ್ದರಿಂದ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇವೆ. ಊರಿನ ಸಹಕಾರ ಸಂಘಕ್ಕೋ ದೇವಸ್ಥಾನಕ್ಕೋ ಶಾಲೆಗೋ ಸೈಟ್ ಮಾಡಲು ಹೋದವರಿಗೆ ಗೊತ್ತು, ಅಲ್ಲಿ ಸಿಗುವ ವಿಷಯವೆಲ್ಲ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೇ ಕಡತ. ಅದನ್ನ ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತೆ. ಕಾರಣ ಸರಳ. ಆ ಹಳೇ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರಗಳನ್ನ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಫೋನಿನಲ್ಲಿ ಮುಸುಕು ಕಳಚಿ ಒಳಗಿನ ರೋಮನ್ ಹೊರಗೆ ಬರುತ್ತೆ. ಗೂಗಲ್‌ಗೂ ಅದು ಕನ್ನಡ ಅಂತ ತಿಳಿಯಲ್ಲ, ಆದ್ದರಿಂದ ಹುಡುಕಿದರೆ ಸಿಗಲ್ಲ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳ ಜಾಗ ಇದೆ. ಹಳೇ ಕಡತವನ್ನ ಅಲ್ಲಿಗೆ ಪರಿವರ್ತಿಸಬೇಕು. ಪರಿವರ್ತಕ ಬಳಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಉಳಿಯುವ ತಪ್ಪುಗಳನ್ನ ಕೂತು ತಿದ್ದಬೇಕು. ಆಮೇಲೆ ಸಿಎಸ್‌ಎಸ್‌ನಲ್ಲಿ ಸಾಲುಗಳ ನಡುವಿನ ಅಂತರ ಹೆಚ್ಚಿಸಬೇಕು. ಇಂಗ್ಲಿಷಿಗೆ ಇಟ್ಟ ಅಂತರದಲ್ಲಿ ‘ಸ್ವಾತಂತ್ರ್ಯ’ದಂಥ ಪದದ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಜೋಡಿಸಬೇಕು. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನಲ್ಲಿ ಘೋಷಿಸಬೇಕು. ಆಗ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಯಾವ ಭಾಷೆಯಲ್ಲಿ ಓದಬೇಕು ಅಂತ ತಿಳಿಯುತ್ತೆ.

ಇಷ್ಟು ಮಾಡಿದವರು ‘ಕನ್ನಡ ವೆಬ್‌ಸೈಟ್ ಮಾಡಿದೆ’ ಅಂತ ಒಂದು ಸಾಲು ಬರೆದು ಸುಮ್ಮನಾಗ್ತಾರೆ. ಹೀಗೆ ಬರೆದು ನೋಡಿ:

• ಸಹಕಾರ ಸಂಘದ ಹಳೇ ಫಾಂಟಿನ 60 ಪುಟ ಕನ್ನಡ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಮೊಬೈಲಿನಲ್ಲಿ ಓದಬಹುದಾದ ಮತ್ತು ಹುಡುಕಿದರೆ ಸಿಗುವ ದ್ವಿಭಾಷಾ ಸೈಟ್ ರೂಪಿಸಿದೆ

ಭಾರತೀಯ ಭಾಷೆಗಳಲ್ಲಿ ಆಪ್ ತರುವ ಕಂಪನಿಗೆ ಇದು ನೇರವಾಗಿ ಬೇಕಾದ ಕೌಶಲ. ಬೇರೆ ಕಂಪನಿಗೂ ಅಕ್ಷರ ಸಂಕೇತದ ಸಮಸ್ಯೆಯನ್ನ ಬುಡದಿಂದ ಅರ್ಥ ಮಾಡಿಕೊಂಡವರು ಅಂತ ಗೊತ್ತಾಗುತ್ತೆ.

ಅಂಕಿ ಎಲ್ಲಿಂದ ತರೋದು?

‘ಮಾರಾಟ ಶೇ. 40 ಹೆಚ್ಚಾಯಿತು’ ಅಂತ ಬರೆಯುವ ಆಸೆ ಎಲ್ಲರಿಗೂ ಆಗುತ್ತೆ. ಅಂಗಡಿಯವರ ಲೆಕ್ಕದ ಪುಸ್ತಕ ನೋಡದೆ ಅದನ್ನ ಬರೆಯಬೇಡಿ. ‘ಹೇಗೆ ಅಳೆದ್ರಿ?’ ಅನ್ನೋ ಒಂದೇ ಪ್ರಶ್ನೆಗೆ ಹಾಳೆ ಪೂರ್ತಿ ಅನುಮಾನಕ್ಕೆ ಬೀಳುತ್ತೆ. ಅಳೆಯೋಕೆ ಆಗುವ ವಿಷಯ ಬೇಕಾದಷ್ಟಿವೆ, ಅದೂ ಪುಕ್ಕಟೆ.

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಸೈಟಿನ ವಿಳಾಸ ಕೊಟ್ಟರೆ ಮೊಬೈಲ್ ಮತ್ತು ಕಂಪ್ಯೂಟರಿಗೆ ಬೇರೆ ಬೇರೆ ವರದಿ ಬರುತ್ತೆ. ಪುಟದ ದೊಡ್ಡ ಭಾಗ ಕಾಣಿಸಲು 2.5 ಸೆಕೆಂಡಿನೊಳಗೆ, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ, ಪುಟ ಅಲುಗಾಡುವ ಅಂಕ 0.1ರೊಳಗೆ ಇದ್ದರೆ ಗೂಗಲ್ ಪ್ರಕಾರ ಅದು ಚೆನ್ನಾಗಿದೆ. ಎರಡನೆಯದಾದ ಐಎನ್‌ಪಿ ಅನ್ನೋ ಅಳತೆ 2024ರ ಮಾರ್ಚ್‌ನಲ್ಲಿ ಹಳೆಯ ಎಫ್‌ಐಡಿ ಜಾಗಕ್ಕೆ ಬಂತು. ಹಳೇ ವಿಡಿಯೋ ನೋಡಿ ಕಲಿತವರು ಇದನ್ನ ಗಮನಿಸಿ. ಚಿಕ್ಕ ಸೈಟುಗಳಿಗೆ ನಿಜವಾದ ಬಳಕೆದಾರರ ದತ್ತಾಂಶ ಸಾಮಾನ್ಯವಾಗಿ ಸಿಗಲ್ಲ, ಪ್ರಯೋಗದ ಅಂಕ ಮಾತ್ರ ಸಿಗುತ್ತೆ. ಆ ಅಂಕ ಒಂದೊಂದು ಸಲ ಒಂದೊಂದು ಥರ ಬರುತ್ತೆ. ಆದ್ದರಿಂದ ಮೂರು ಸಲ ಓಡಿಸಿ ನಡುವಿನದನ್ನ ತಗೊಂಡು, ‘ಮೊಬೈಲ್, ಪ್ರಯೋಗದ ಅಂಕ’ ಅಂತ ಹೇಳಿ.

ಸರ್ಚ್ ಕನ್ಸೋಲ್ ಜೋಡಿಸಿದ್ದರೆ ಹಿಂದಿನ 16 ತಿಂಗಳವರೆಗೆ ಗೂಗಲ್ ಹುಡುಕಾಟದಿಂದ ಎಷ್ಟು ಕ್ಲಿಕ್ ಬಂತು ಅಂತ ನೋಡಬಹುದು. ಬಣ್ಣಗಳ ವಿಷಯಕ್ಕೆ ಬಂದರೆ, ಡಬ್ಲ್ಯುಸಿಎಜಿ ಎಎ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕು, ಬ್ರೌಸರಿನಲ್ಲೇ ಪರೀಕ್ಷಿಸಬಹುದು. ಹಳೇ ಸೈಟ್ ಹೇಗಿತ್ತು ಅಂತ ತೋರಿಸಬೇಕಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ, ಕೆಲವೊಮ್ಮೆ ಸಿಗುತ್ತೆ.

ಅಂಕಿ ಸಿಗಲೇ ಇಲ್ಲವಾ? ‘2 ವರ್ಷದಿಂದ ಬಳಕೆಯಲ್ಲಿದೆ’, ‘ಈಗ ಮಾಲೀಕರೇ ನಿರ್ವಹಿಸುತ್ತಾರೆ’ ಅನ್ನೋದೂ ಫಲಿತಾಂಶವೇ.

ಸಾಕ್ಷಿ ಈಗಲೇ ಕೂಡಿಡಿ

ಫ್ರೀಲಾನ್ಸ್ ಕೆಲಸಕ್ಕೆ ಸರ್ಟಿಫಿಕೇಟ್ ಯಾರೂ ಕೊಡಲ್ಲ, ನಾವೇ ಕೇಳಿ ಪಡೆಯಬೇಕು.

• ಪತ್ರ: ಮಾಲೀಕರಿಂದ ನಾಲ್ಕು ಸಾಲಿನ ಪತ್ರ. ಯಾವಾಗಿಂದ ಯಾವಾಗಿನವರೆಗೆ, ಏನು ಕೆಲಸ, ಸಂಸ್ಥೆಯ ಮುದ್ರೆ ಮತ್ತು ಸಹಿ. ‘ತುಂಬಾ ಒಳ್ಳೇ ಹುಡುಗ’ ಅನ್ನೋದಕ್ಕಿಂತ ದಿನಾಂಕ ಮುಖ್ಯ. ಅವರ ಫೋನ್ ನಂಬರನ್ನ ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬೇಡಿ.
• ಹಣದ ದಾಖಲೆ: ನೀವು ಕೊಟ್ಟ ಬಿಲ್, ಬ್ಯಾಂಕ್ ಅಥವಾ ಯುಪಿಐ ಪಾವತಿಯ ವಿವರ. ಕಂಪನಿಯೊಂದು ಟಿಡಿಎಸ್ ಹಿಡಿದು ಕೊಟ್ಟಿದ್ದರೆ ಅದು ನಿಮ್ಮ ಪ್ಯಾನ್‌ನ ತೆರಿಗೆ ದಾಖಲೆಯಲ್ಲೂ ಕಾಣುತ್ತೆ.
• ಸೈಟಿನ ಚಿತ್ರಗಳು: ಅಂಗಡಿಯವರು ಡೊಮೈನ್ ನವೀಕರಿಸೋದನ್ನ ಮರೆತರೆ ನಿಮ್ಮ ರೆಸ್ಯೂಮೆಯ ಲಿಂಕ್ ಸತ್ತಂತೆ. ಮೊಬೈಲ್, ಕಂಪ್ಯೂಟರ್ ಎರಡರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ.
• ಕೋಡ್: ಗಿಟ್‌ಹಬ್‌ನಲ್ಲಿ ಹಾಕೋ ಮುಂಚೆ ಮಾಲೀಕರನ್ನ ಕೇಳಿ. ಪಾಸ್‌ವರ್ಡ್, ಎಪಿಐ ಕೀ, ಗ್ರಾಹಕರ ವಿವರ ಒಂದೂ ಅದರಲ್ಲಿ ಇರಬಾರದು. ಗಿಟ್‌ನಲ್ಲಿ ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ ಅದು ಉಳಿದಿರುತ್ತೆ ಅನ್ನೋದು ನೆನಪಿರಲಿ.

ಇವನ್ನೆಲ್ಲ ಒಂದೇ ಕಡೆ ತೋರಿಸಲು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಒಂದು ಪೋರ್ಟ್‌ಫೋಲಿಯೊ ಮಾಡಬಹುದು. ಹತ್ತು ಸೈಟ್ ಬೇಡ, ಎರಡು ಮೂರು ಸಾಕು. ಪ್ರತಿಯೊಂದಕ್ಕೂ ತೊಂದರೆ ಏನಿತ್ತು, ಏನು ಆರಿಸಿಕೊಂಡೆ, ಯಾಕೆ, ಈಗ ಮಾಡಿದರೆ ಏನು ಬದಲಿಸ್ತೀನಿ ಅಂತ ಒಂದೊಂದು ಪ್ಯಾರಾ ಬರೆಯಿರಿ.

‘ನಾನೇ ಕಲಿತೆ’ ಅನ್ನೋದನ್ನ ಹೇಗೆ ಹೇಳೋದು?

ಸ್ವಂತವಾಗಿ ಕಲಿತವರು ಕೋರ್ಸುಗಳ ಉದ್ದ ಪಟ್ಟಿ ಕೊಟ್ಟು ಆ ಕೊರತೆ ತುಂಬಲು ನೋಡ್ತಾರೆ. ಹದಿನಾಲ್ಕು ಸರ್ಟಿಫಿಕೇಟ್‌ಗಿಂತ ‘ಈ ಕೋರ್ಸ್ ಮಾಡಿದೆ, ಅದರಿಂದ ಈ ಸೈಟ್ ಕಟ್ಟಿದೆ’ ಅನ್ನೋ ಒಂದು ಜೋಡಿ ಹೆಚ್ಚು ಹೇಳುತ್ತೆ. ಎಂಡಿಎನ್ ಓದಿ ಕಲಿತಿದ್ದರೆ, ಫ್ರೀಕೋಡ್‌ಕ್ಯಾಂಪ್‌ನಲ್ಲಿ ಅಭ್ಯಾಸ ಮಾಡಿದ್ದರೆ ಅದನ್ನೇ ಹೇಳಿ. ವೆಬ್ ಕೆಲಸ ಗೊತ್ತಿರೋರಿಗೆ ಈ ಎರಡೂ ಗೊತ್ತಿರುತ್ತೆ.

ಕೌಶಲಗಳ ಮುಂದೆ ಪಟ್ಟಿ ಬಣ್ಣ ಬಳಿದು ‘ಸಿಎಸ್‌ಎಸ್ ಶೇ. 90’ ಅಂತ ತೋರಿಸುವ ಟೆಂಪ್ಲೇಟ್ ಬಿಟ್ಟುಬಿಡಿ. ಉಳಿದ ಶೇ. 10 ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಎರಡೇ ಗುಂಪು ಮಾಡಿ: ‘ಕೆಲಸದಲ್ಲಿ ಬಳಸಿದ್ದು’ ಮತ್ತು ‘ಪರಿಚಯ ಇರುವುದು’. ಒಂದು ವಾರಾಂತ್ಯ ನೋಡಿದ ರಿಯಾಕ್ಟ್ ಎರಡನೇ ಗುಂಪಿಗೆ ಸೇರುತ್ತೆ.

ಹಾಳೆಯ ಅಂದದ ಬಗ್ಗೆಯೂ ಒಂದು ಮಾತು. ಡಿಸೈನರ್ ಅಲ್ವಾ ಅಂತ ಎರಡು ಕಾಲಂ, ಐಕಾನು, ವೃತ್ತದೊಳಗೆ ಫೋಟೋ ಹಾಕಿದರೆ, ರೆಸ್ಯೂಮೆ ಸೋಸುವ ಎಟಿಎಸ್ ಸಾಫ್ಟ್‌ವೇರ್ ಎಡದ್ದನ್ನೂ ಬಲದ್ದನ್ನೂ ಬೆರೆಸಿ ಓದಬಹುದು. ಒಂದು ಕಾಲಂ, ಒಂದು ಪುಟ, ಅಕ್ಷರ ಆಯ್ಕೆ ಮಾಡಲು ಬರುವ ಪಿಡಿಎಫ್, ಒತ್ತಿದರೆ ತೆರೆಯುವ ಲಿಂಕ್ ಇರಲಿ. ಕಲೆಯನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಿ.

ಸಿವಿಲ್, ಮೆಕ್ಯಾನಿಕಲ್, ಇಇಇ ಗೆಳೆಯರಿಗೆ: ಕೋರ್ ಕಂಪನಿಗೆ ಹಾಕುವ ರೆಸ್ಯೂಮೆಯಲ್ಲಿ ಈ ಕೆಲಸಕ್ಕೆ ಎರಡು ಸಾಲು ಸಾಕು, ಅದರಲ್ಲಿ ಗ್ರಾಹಕರ ಜೊತೆ ವ್ಯವಹರಿಸಿದ್ದು, ಹೇಳಿದ ದಿನಕ್ಕೆ ಮುಗಿಸಿದ್ದು ಮುಂದೆ ಬರಲಿ. ಐಟಿ ಕಂಪನಿಗೆ ಹಾಕುವಾಗ ಇದನ್ನೇ ಮೇಲಕ್ಕೆ ತನ್ನಿ. ‘ನಿಮ್ಮ ಬ್ರಾಂಚ್ ಬೇರೆ, ಇಲ್ಲಿಗೆ ಯಾಕೆ?’ ಅನ್ನೋ ಪ್ರಶ್ನೆಗೆ ಆ ಸಾಲುಗಳೇ ಉತ್ತರ ಕೊಡುತ್ತವೆ.

ಇಂಟರ್‌ವ್ಯೂನಲ್ಲಿ ಬರಬಹುದಾದ ಪ್ರಶ್ನೆಗಳು

‘ಇದು ಟೆಂಪ್ಲೇಟಾ?’ ಹೌದಾದರೆ ಹೌದು ಅನ್ನಿ. ಆಮೇಲೆ ಅದನ್ನೇ ಯಾಕೆ ಆರಿಸಿದ್ರಿ, ಏನು ಬದಲಿಸಿದ್ರಿ ಅಂತ ಹೇಳಿ.

‘ಗ್ರಾಹಕರು ಒಪ್ಪದಿದ್ದಾಗ ಏನು ಮಾಡಿದ್ರಿ?’ ಇಂಟರ್ನ್‌ಶಿಪ್ ಮಾಡಿದವರಲ್ಲೂ ಅನೇಕರಿಗೆ ಇದಕ್ಕೆ ಉತ್ತರ ಇರಲ್ಲ, ನಿಮಗೆ ಇರುತ್ತೆ. ಮಾಲೀಕರನ್ನ ಹೀಗಳೆಯದೆ, ಒಂದೇ ಒಂದು ನಿಜವಾದ ಪ್ರಸಂಗ ಹೇಳಿ.

‘ಕೆಲಸಕ್ಕೆ ಸೇರಿದ ಮೇಲೂ ಫ್ರೀಲಾನ್ಸ್ ಮಾಡ್ತೀರಾ?’ ಈ ಪ್ರಶ್ನೆ ಸುಮ್ಮನೆ ಬರಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಉದ್ಯೋಗಿಗಳನ್ನ ತೆಗೆದದ್ದಾಗಿ ಹೇಳಿದ್ದರು. ಮೂನ್‌ಲೈಟಿಂಗ್ ಚರ್ಚೆ ಆಗ ಜೋರಾಗಿತ್ತು. ಆದ್ದರಿಂದ ‘ಹಳೇ ಸೈಟುಗಳನ್ನ ಮಾಲೀಕರಿಗೆ ಒಪ್ಪಿಸಿದ್ದೇನೆ, ಕಂಪನಿಯ ನಿಯಮ ಏನಿದೆಯೋ ಹಾಗೆ ನಡೆದುಕೊಳ್ತೇನೆ’ ಅನ್ನೋದು ಒಳ್ಳೇ ಉತ್ತರ. ಆದರೆ ಅದು ನಿಜ ಆಗಿರಬೇಕು. ಡೊಮೈನ್ ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನ ಮಾಲೀಕರ ಹೆಸರಿಗೆ ಮಾಡಿಸಿ, ಪಾಸ್‌ವರ್ಡ್‌ಗಳನ್ನ ಬರೆದು ಕೊಡಿ. ಆಫರ್ ಲೆಟರ್‌ನಲ್ಲಿ ಹೊರಗಿನ ಕೆಲಸದ ಬಗ್ಗೆ ಇರುವ ಷರತ್ತನ್ನ ಸಹಿಗೆ ಮುಂಚೆ ಓದಿ.

ಈ ವಾರ ಮಾಡಬೇಕಾದ್ದು

ಇಷ್ಟೆಲ್ಲ ಒಂದೇ ರಾತ್ರಿ ಆಗಲ್ಲ, ಡ್ರೈವ್‌ನ ಹಿಂದಿನ ದಿನವಂತೂ ಆಗಲ್ಲ. ಮೊದಲು ನಿಮ್ಮ ಹಳೇ ಸೈಟುಗಳ ಪಟ್ಟಿ ಮಾಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಪೇಜ್‌ಸ್ಪೀಡ್ ವರದಿ ಓಡಿಸಿ. ಅಂಕ ಕಡಿಮೆ ಬಂದರೆ ಇನ್ನೂ ಒಳ್ಳೇದು, ಸರಿ ಮಾಡಿ ಎರಡೂ ಅಂಕ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಅಂಗಡಿಯವರ ಹತ್ತಿರ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬನ್ನಿ. ಆಮೇಲೆ ಹವ್ಯಾಸಗಳ ಸಾಲಿನಿಂದ ‘ವೆಬ್ ಡಿಸೈನಿಂಗ್’ ತೆಗೆದು ಅದರ ಜಾಗಕ್ಕೆ ಸೇರಿಸಿ. ಕ್ರಿಕೆಟ್ ಅಲ್ಲೇ ಇರಲಿ.

ಬರೆದ ಸಾಲುಗಳನ್ನ ಬೇರೆ ಬ್ರಾಂಚಿನ ಗೆಳೆಯರೊಬ್ಬರಿಗೆ ತೋರಿಸಿ, ‘ಇದರಲ್ಲಿ ನಾನು ಏನು ಮಾಡಿದೀನಿ ಹೇಳು ನೋಡೋಣ’ ಅಂತ ಕೇಳಿ. ಅವರು ಸರಿಯಾಗಿ ಹೇಳಿದರೆ ರೆಸ್ಯೂಮೆ ಕಳಿಸಬಹುದು. ತಡವರಿಸಿದರೆ ಸಂಘದ ಗೆಳೆಯರ ಹತ್ತಿರ ತನ್ನಿ, ಕೂತು ಒಟ್ಟಿಗೆ ತಿದ್ದೋಣ.